ಹೋಲ್‌ಸೇಲ್ ದರದಲ್ಲಿ ಫಿಜಿ

ಪಾಠ ಹೇಳುವವರು ಸುಳ್ಳು ಹೇಳುವುದಿಲ್ಲ ಎಂದು ಲೋಕ ನಂಬಿದೆ. ಲೋಕ ಹಾಗೆ ನಂಬಿರುವುದರಿಂದಲೇ ನಮ್ಮ ಕಸುಬು ನಡೆದುಕೊಂಡು ಹೋಗುತ್ತಿದೆ. ಗಂಗಾನದಿ ಹಿಮಾಲಯದಲ್ಲಿ ಹುಟ್ಟುತ್ತದೆ ಎಂದು ನಾನು ಹೇಳಿದರೆ ನಲವತ್ತು ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ನೀವು ಹೋಗಿ ನೋಡಿದ್ದೀರಾ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕಷ್ಟ. ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷದಿಂದ ಭೂಗೋಳ ಕಲಿಸುತ್ತಿರುವ ನಾನು ಸಹಾರಾದಿಂದ ಹಿಡಿದು ಸೈಬೀರಿಯಾದ ತನಕ ಎಲ್ಲವನ್ನೂ ಒಂದು ಬೆತ್ತದ ತುದಿಯಲ್ಲೇ ನೋಡಿದವಳು. ಕಣ್ಣಾರೆ ಕಂಡ ಅತಿ ದೂರದ ಸ್ಥಳವೆಂದರೆ ಕನ್ಯಾಕುಮಾರಿ. ಅದೂ ಮದುವೆಯಾದ ಹೊಸದರಲ್ಲಿ, ಮೋಡ ಕವಿದ ದಿನ. ಸೂರ್ಯೋದಯ ನೋಡಲೆಂದು ಹೋದವರು ಇಡ್ಲಿ ತಿಂದು ವಾಪಸ್ಸು ಬಂದೆವು.

ಇಂಥ ನಾನು ಹತ್ತೊಂಬತ್ತು ವರ್ಷದ ಹಿಂದೆ ಒಂದು ಸುಳ್ಳು ಹೇಳಿದೆ. ಏಳನೇ ತರಗತಿ, ಊಟವಾದ ಮೇಲಿನ ಪೀರಿಯಡ್ಡು, ಫ್ಯಾನು ಕೆಟ್ಟಿತ್ತು. ಪಾಠ ಅಂತರರಾಷ್ಟ್ರೀಯ ದಿನಾಂಕ ರೇಖೆ. ಪೆಸಿಫಿಕ್ ಸಾಗರದ ನಡುವೆ ಒಂದು ಕಾಲ್ಪನಿಕ ಗೆರೆ ಇದೆ, ಅದರ ಈ ಕಡೆ ಗುರುವಾರವಾದರೆ ಆ ಕಡೆ ಇನ್ನೂ ಬುಧವಾರ ಎಂದು ವಿವರಿಸುತ್ತಿದ್ದೆ. ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನೀವು ಆ ಗೆರೆ ನೋಡಿದೀರಾ?" ಎಂದಳು. ಇಲ್ಲಮ್ಮ, ಕೂತ್ಕೋ ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ನನ್ನ ಮಾತು ಕೇಳಲಿಲ್ಲ. "ನೋಡಿದೀನಿ. ಫಿಜಿ ಅಂತ ಒಂದು ದ್ವೀಪ ಇದೆ, ಆ ಗೆರೆ ಅಲ್ಲೇ ಹಾದುಹೋಗತ್ತೆ. ಒಂದು ಕಾಲು ನಿನ್ನೆಯಲ್ಲಿ, ಇನ್ನೊಂದು ಕಾಲು ಇವತ್ತಿನಲ್ಲಿ ಇಟ್ಕೊಂಡು ನಿಂತಿದ್ದೆ" ಎಂದುಬಿಟ್ಟೆ. ತೂಕಡಿಸುತ್ತಿದ್ದ ಅಷ್ಟೂ ಮಕ್ಕಳು ಎದ್ದು ಕೂತರು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಅಂಥ ಮೌನವನ್ನು ನಾನು ಇನ್ಯಾವ ಪಾಠದಲ್ಲೂ ಕೇಳಿಲ್ಲ.

ಆ ವರ್ಷ ಪರೀಕ್ಷೆಯಲ್ಲಿ ದಿನಾಂಕ ರೇಖೆಯ ಪ್ರಶ್ನೆಗೆ ಎಲ್ಲರೂ ಸರಿಯುತ್ತರ ಬರೆದರು. ಮುಂದಿನ ವರ್ಷದ ಮಕ್ಕಳಿಗೆ ಅವರವರ ಅಕ್ಕಂದಿರು ಮೊದಲೇ ಹೇಳಿ ಕಳಿಸಿದ್ದರು. "ಮಿಸ್, ಫಿಜಿ ಕಥೆ ಹೇಳಿ" ಎಂದು ಅವರೇ ಕೇಳಿದರು. ಹೇಳಿದೆ. ಹೇಳುತ್ತ ಹೇಳುತ್ತ ವರ್ಷಕ್ಕೊಂದು ವಿವರ ಸೇರಿತು. ನಿನ್ನೆಯ ಕಡೆ ಒಬ್ಬ ಎಳನೀರಿನವನು ಬಂದ, ಇವತ್ತಿನ ಕಡೆ ಗಿಣಿಗಳು ಬಂದವು. ನನಗೆ ಶಾಲೆಯಲ್ಲಿ 'ಫಿಜಿ ಮಿಸ್' ಎಂಬ ಹೆಸರೇ ಬಿತ್ತು. ಭೂಗೋಳ ಬಲ್ಲವರು ಇಲ್ಲಿ ನನ್ನನ್ನು ಹಿಡಿಯಬಹುದು: ನಿಜವಾಗಿ ಫಿಜಿಯ ನೆಲದ ಮೇಲೆ ಹಾಯುವುದು ನೂರ ಎಂಬತ್ತನೇ ರೇಖಾಂಶ, ದಿನಾಂಕ ರೇಖೆ ಅಲ್ಲಿಗೆ ಬಂದಾಗ, ಒಂದೇ ದೇಶಕ್ಕೆ ಎರಡು ವಾರ ಬೇಡವೆಂದು, ಬಾಗಿ ಪಕ್ಕದ ಸಮುದ್ರಕ್ಕೆ ಸರಿದುಹೋಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಕಥೆಗೆ ಅಡ್ಡಿಯಾಗುತ್ತದೆಂದು ಮಕ್ಕಳಿಗೆ ಹೇಳಿರಲಿಲ್ಲ.

ಬರುವ ಮೇ ತಿಂಗಳಿಗೆ ನಾನು ರಿಟೈರ್ಡು. ಈ ವರ್ಷ ಶಾಲೆ ಶುರುವಾದಾಗಿನಿಂದ ಎದೆಯಲ್ಲಿ ಒಂದು ಕಸಿವಿಸಿ. ಇಷ್ಟು ವರ್ಷ ಎಷ್ಟೋ ನೂರು ಮಕ್ಕಳ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದ್ದನ್ನು ಸುಳ್ಳಾಗಿಯೇ ಬಿಟ್ಟು ಮನೆಗೆ ಹೋಗುವುದು ಹೇಗೆ? ಒಪ್ಪಿಕೊಂಡುಬಿಡೋಣವೆಂದರೆ ಧೈರ್ಯವಿಲ್ಲ. ಕೊನೆಗೆ ಸುಲಭದ ದಾರಿಯೊಂದು ಹೊಳೆಯಿತು: ಫಿಜಿಗೆ ಹೋಗಿಬಿಡುವುದು. ಆ ಗೆರೆಯ ಮೇಲೆ ಒಮ್ಮೆ ನಿಂತು ಬಂದರೆ, ಹಿಂದೆ ಹೇಳಿದ್ದೂ ಒಂದು ರೀತಿಯಲ್ಲಿ ನಿಜವೇ ಆಗುತ್ತದಲ್ಲ, ಸ್ವಲ್ಪ ತಡವಾಗಿ ಅಷ್ಟೆ. ಇದು ಸುಲಭದ ದಾರಿ ಎಂದು ನನಗೆ ಅನಿಸಿದ್ದು ವಿಮಾನದ ಟಿಕೆಟ್ಟಿನ ದರ ನೋಡುವ ಮೊದಲು.

ಯಜಮಾನರಿಗೆ ಅರ್ಧ ಸತ್ಯ ಮಾತ್ರ ಹೇಳಿದೆ. "ರೀ, ರಿಟೈರ್ ಆಗೋದ್ರೊಳಗೆ ಒಂದ್ಸಲ ಫಿಜಿ ನೋಡ್ಬೇಕು ಅಂತ ಆಸೆ" ಎಂದೆ. ಅವರು ಮಾಮೂಲ್‌ಪೇಟೆಯಲ್ಲಿ ಲೇಸು, ರಿಬ್ಬನ್ನು, ಸೀರೆ ಫಾಲ್ಸು, ಗುಂಡಿ, ಹುಕ್ಕುಗಳ ಹೋಲ್‌ಸೇಲ್ ಅಂಗಡಿ ಇಟ್ಟುಕೊಂಡವರು. ಮದುವೆಯಾದ ಮೇಲೆ ನಾನು ಕೇಳಿದ್ದಕ್ಕೆ ಬೇಡ ಎಂದವರಲ್ಲ. ಆದರೆ ಯಾವುದನ್ನೂ ಹೇಳಿದ ಬೆಲೆಗೆ ತಂದವರೂ ಅಲ್ಲ. "ಫಿಜಿ ತಾನೆ? ಹೋಗೋಣ. ರೇಟು ನಾನು ಮಾತಾಡ್ತೀನಿ, ನೀನು ಬಾಯಿ ಬಿಡ್ಬೇಡ" ಎಂದರು. ಅಂಗಡಿಗಳಲ್ಲಿ ನಾನು ಬಾಯಿ ಬಿಟ್ಟರೆ ಬೆಲೆ ಏರುತ್ತದೆಂಬುದು ಅವರ ಹಳೆಯ ದೂರು. ಗಾಂಧಿಬಜಾರಿನಲ್ಲೊಮ್ಮೆ ಸೇವಂತಿಗೆ ಎಷ್ಟು ಚೆನ್ನಾಗಿದೆ ಎಂದು ಉದ್ಗರಿಸಿ ಅವರ ಅರ್ಧ ಗಂಟೆಯ ಚೌಕಾಸಿಯನ್ನು ಹಾಳು ಮಾಡಿದ್ದೆ. ಅದನ್ನು ಅವರು ಇನ್ನೂ ಮರೆತಿಲ್ಲ.

ಹೀಗೆ ಒಂದು ಭಾನುವಾರ ಬೆಳಿಗ್ಗೆ, ತಿಂಡಿಯಾದ ಮೇಲೆ, ಹಾಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆವು. ಮೊದಲು ಕಂಡ ದರಕ್ಕೆ ನಾನು ಕಾಫಿ ಲೋಟ ಕೆಳಗಿಟ್ಟೆ. ಅವರು ಮಾತ್ರ ವಿಚಲಿತರಾಗಲಿಲ್ಲ. ಪೇಟೆಯ ವ್ಯಾಪಾರದ ಮೊದಲ ಪಾಠವೆಂದರೆ ಬೆಲೆ ಕೇಳಿ ಮುಖ ಸಿಂಡರಿಸಿ ಎದ್ದು ಹೊರಡುವುದು; ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅಂಗಡಿಯವನು ಹಿಂದಿನಿಂದ ಕರೆಯಬೇಕು. ಅವರು ಲ್ಯಾಪ್‌ಟಾಪನ್ನು ಪಟ್ಟೆಂದು ಮುಚ್ಚಿ, ಚಪ್ಪಲಿ ಮೆಟ್ಟಿ ಹೊರಗೆ ಹೋಗಿಯೇಬಿಟ್ಟರು. ಬೀದಿಯ ತುದಿಯ ತನಕ ಹೋಗಿ, ಪೇಪರು ಕೊಂಡು, ಪರಿಚಯದವರ ಜೊತೆ ಎರಡು ಮಾತಾಡಿ ಬಂದು ಮತ್ತೆ ತೆರೆದರು. ದರ ಏರಿತ್ತು. "ಇದೆಂಥಾ ಅಂಗಡಿ! ಗಿರಾಕಿ ಎದ್ದು ಹೋದ್ರೆ ರೇಟು ಇಳಿಸ್ತಾರಾ, ಏರಿಸ್ತಾರಾ?" ಎಂದು ನನ್ನನ್ನೇ ಕೇಳಿದರು. ಅವರಿಗೆ ನಿಜಕ್ಕೂ ನೋವಾಗಿತ್ತು. ಮತ್ತೆ ಎದ್ದು ಹೋದರು, ಈ ಸಲ ಇನ್ನೂ ದೂರ. ದರವೂ ಇನ್ನೂ ದೂರ ಹೋಯಿತು. ಮೂರನೇ ಸಲ ಅವರು ಹೊರಟಾಗ ನಾನೇ ಕೈಹಿಡಿದು ಕೂರಿಸಿದೆ.

ಸ್ಟಾಫ್ ರೂಮಿನಲ್ಲಿ, ಯಾವ ಊರೆಂದು ಹೇಳದೆ, ಈ ದರದ ವಿಷಯ ತೆಗೆದಾಗ ವಿಜ್ಞಾನದ ಪದ್ಮಾವತಿ ಮೇಡಂ ಎರಡು ಸಲಹೆ ಕೊಟ್ಟರು. ನಾವು ಒಂದೇ ಊರಿಗೆ ಪದೇ ಪದೇ ಹುಡುಕಿದ್ದು ಟಿಕೆಟ್ ಮಾರುವವರಿಗೆ ತಿಳಿದುಹೋಗುತ್ತದಂತೆ, ಆದ್ದರಿಂದ ಗುರುತು ಸಿಗದ ಹಾಗೆ ಲ್ಯಾಪ್‌ಟಾಪಿನಲ್ಲಿ ಬೇರೆ ಕಿಟಕಿ ತೆರೆದು ನೋಡಬೇಕು. ಇದು ಯಜಮಾನರಿಗೆ ಬಹಳ ಹಿಡಿಸಿತು. ಬಳೇಪೇಟೆಯ ಎದುರಾಳಿಯ ದರ ತಿಳಿಯಬೇಕಾದಾಗ ಅವರೂ ಗುರುತಿಲ್ಲದವರನ್ನು ಕಳಿಸಿ ಕೇಳಿಸುತ್ತಾರೆ. ಎರಡನೆಯ ಸಲಹೆ, ಮಂಗಳವಾರ ಟಿಕೆಟ್ ಅಗ್ಗ ಎಂಬುದು. ಇದು ಹಿಡಿಸಲಿಲ್ಲ. ಮಂಗಳವಾರ ನಮ್ಮ ಮನೆಯಲ್ಲಿ ಯಾವ ಶುಭಕಾರ್ಯವನ್ನೂ ಶುರು ಮಾಡುವುದಿಲ್ಲ, ಅದರಲ್ಲೂ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ರಾಹುಕಾಲ. ಆದರೂ ನೋಡುವುದಕ್ಕೇನೂ ದೋಷವಿಲ್ಲ, ಕೊಳ್ಳುವುದಕ್ಕೆ ತಾನೆ ದೋಷ ಎಂದು ಸಮಾಧಾನ ಮಾಡಿಕೊಂಡು ಮಂಗಳವಾರ ನೋಡಿದೆವು. ಒಂದು ನಿಜವಾಗಿಯೂ ಅಗ್ಗದ ಟಿಕೆಟ್ ಸಿಕ್ಕಿತು. ಬುಧವಾರ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಕೊಳ್ಳಲು ಕೂತರೆ ಅದು ಇರಲಿಲ್ಲ.

ಸಿಕ್ಕಿದ ಇನ್ನೊಂದು ಅಗ್ಗದ ಟಿಕೆಟ್ಟಿನ ದಾರಿ ನೋಡಿ ನನಗೆ ತಲೆ ತಿರುಗಿತು. ಫಿಜಿ ನಮಗೆ ಪೂರ್ವಕ್ಕಿದೆ. ಆ ಟಿಕೆಟ್ಟು ಮೊದಲು ಪಶ್ಚಿಮಕ್ಕೆ, ಅರಬ್ಬರ ದೇಶಕ್ಕೆ ಹೋಗಿ, ಅಲ್ಲಿ ಹದಿನಾಲ್ಕು ಗಂಟೆ ಕೂರಿಸಿ, ಮತ್ತೆ ನಮ್ಮ ತಲೆಯ ಮೇಲಿಂದಲೇ ಆಸ್ಟ್ರೇಲಿಯಾಕ್ಕೆ ಒಯ್ದು, ಅಲ್ಲೂ ಒಂದು ದಿನ ಕಾಯಿಸಿ, ಆಮೇಲೆ ಫಿಜಿಗೆ ಬಿಡುತ್ತಿತ್ತು. ಮೆಜೆಸ್ಟಿಕ್ಕಿಗೆ ಹೋಗಲು ಮೈಸೂರಿಗೆ ಹೋಗಿ ಬಸ್ಸು ಬದಲಿಸಿದಂತೆ. ಮೂವತ್ತೊಂದು ವರ್ಷ ದಿಕ್ಕುಗಳನ್ನು ಕಲಿಸಿದವಳಿಗೆ ಇದನ್ನು ಸಹಿಸುವುದು ಸಾಧ್ಯವಿರಲಿಲ್ಲ. "ನಾನು ಈ ಟಿಕೆಟ್ಟಿನಲ್ಲಿ ಬರಲ್ಲ" ಎಂದೆ. "ಅಗ್ಗ ಅಂದ್ಮೇಲೆ ಸ್ವಲ್ಪ ಸುತ್ತಾಡಿಸ್ತಾರೆ" ಎಂದರು ಅವರು. ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ಭೂಗೋಳದ ಕಾರಣಕ್ಕೆ ಮಾತು ಬಿಟ್ಟದ್ದು ಅದೇ ಮೊದಲು. ಸಂಜೆ ಅವರು ಬಿಸಿ ಬೋಂಡ ಕಟ್ಟಿಸಿಕೊಂಡು ಬಂದದ್ದರಿಂದ ಹೆಚ್ಚು ಹೊತ್ತು ನಡೆಯಲಿಲ್ಲ.

ಇದರ ಮೇಲೆ ರಜೆಯ ಸಮಸ್ಯೆ ಬೇರೆ. ಶಾಲೆ ನಡೆಯುವಾಗ ದರ ಇಳಿಯುತ್ತದೆ, ಶಾಲೆಗೆ ರಜೆ ಬಂದ ಕೂಡಲೇ ಏರುತ್ತದೆ. ವಿಮಾನ ಕಂಪನಿಗಳವರಿಗೆ ಮೇಷ್ಟ್ರುಗಳ ಮೇಲೆ ಏನು ದ್ವೇಷವೋ ಕಾಣೆ. ನನಗೆ ಇದ್ದದ್ದು ದಸರಾ ರಜೆ ಒಂದೇ. ಆ ದಿನಗಳಿಗೆ ಎಲ್ಲೆಲ್ಲಿ ಹುಡುಕಿದರೂ ಬೆಲೆ ಕೈಗೆ ಎಟುಕಲಿಲ್ಲ. ನಾನು ಆಸೆ ಬಿಟ್ಟು, ಈ ವರ್ಷವೂ ಗಿಣಿ, ಎಳನೀರುಗಳ ಕಥೆಯನ್ನೇ ಹೇಳಿ ನಿವೃತ್ತಳಾಗುವುದು ಎಂದು ತೀರ್ಮಾನಿಸಿದ್ದೆ. ಅಷ್ಟರಲ್ಲಿ ಒಂದು ದಿನ ಯಜಮಾನರು ಅಂಗಡಿಯಿಂದ ಸಂಜೆ ಐದಕ್ಕೇ ಮನೆಗೆ ಬಂದರು. ಮುಖದಲ್ಲಿ ಗೆದ್ದ ಕಳೆ.

ನಗರ್ತಪೇಟೆಯಲ್ಲಿ ಅವರ ಪರಿಚಯದ ಟ್ರಾವೆಲ್ಸ್ ಒಂದಿದೆ. ಕಾಶಿ, ರಾಮೇಶ್ವರ, ಶಿರಡಿಗೆ ಜನರನ್ನು ಕಳಿಸುವ ಮೂರಡಿ ಅಗಲದ ಅಂಗಡಿ. ಈಚೆಗೆ ಬ್ಯಾಂಕಾಕ್, ಬಾಲಿಗಳ ಬೋರ್ಡನ್ನೂ ಹಾಕಿಕೊಂಡಿದೆ. ಕಂಪ್ಯೂಟರಿನ ಜೊತೆ ಚೌಕಾಸಿ ಸಾಧ್ಯವಿಲ್ಲವೆಂದು ಮನಗಂಡ ಇವರು ಎದುರಿಗೆ ಮನುಷ್ಯನಿರುವ ಜಾಗಕ್ಕೆ ಹೋಗಿದ್ದರು. ಫಿಜಿ ಎಂದ ಕೂಡಲೇ ಆತ ಕಣ್ಣರಳಿಸಿದನಂತೆ. ಯಾವುದೋ ದೊಡ್ಡ ಕುಟುಂಬ ದಸರಾ ರಜೆಗೆಂದು ಸಿಂಗಾಪುರದ ಮೇಲೆ ಫಿಜಿಗೆ ಹತ್ತು ಸೀಟಿನ ಗುಂಪು ಟಿಕೆಟ್ ಹಿಡಿಸಿ, ಆಮೇಲೆ ಮನೆಯ ಹಿರಿಯರು ಪಂಚಾಂಗ ನೋಡಿ ಬೇಡವೆಂದುಬಿಟ್ಟಿದ್ದರು. ಹೊರಡುವ ದಿನ ಮಹಾಲಯ ಅಮಾವಾಸ್ಯೆ. ಹೆಸರು ಬದಲಿಸಲು ಇನ್ನೂ ಅವಕಾಶವಿತ್ತು; ಆದರೆ ಅಮಾವಾಸ್ಯೆ ದಿನ ಸಮುದ್ರ ದಾಟುವ ಗಿರಾಕಿ ನಗರ್ತಪೇಟೆಯಲ್ಲಿ ಎಲ್ಲಿ ಸಿಗಬೇಕು?

"ಎರಡು ಸೀಟು ಎಷ್ಟು ಅಂದೆ. ಏನೋ ಹೇಳ್ದ. ಹತ್ತೂ ತಗೊಂಡ್ರೆ ಎಷ್ಟು ಅಂದೆ. ನೋಡು ವಿಮಲಾ, ಅರ್ಧಕ್ಕರ್ಧ ಇಳಿಸ್ಬಿಟ್ಟ!" ಎಂದರು.

"ಹತ್ತಾ?" ಎಂದೆ.

"ಮತ್ತೆ? ಬಿಡಿ ಬಿಡಿಯಾಗಿ ತಗೊಂಡ್ರೆ ಯಾವ ವ್ಯಾಪಾರದಲ್ಲಿ ಗಿಟ್ಟತ್ತೆ? ಅಡ್ವಾನ್ಸ್ ಕೊಟ್ಬಂದೆ."

ನಮ್ಮ ಮನೆಯಲ್ಲಿ ಈಗ ಇರುವುದು ಇಬ್ಬರು. ಆದರೆ ನಮ್ಮ ಮನೆಯಲ್ಲಿ ಬೆಂಕಿಪೊಟ್ಟಣವೂ ಒಂದೊಂದಾಗಿ ಬಂದದ್ದಿಲ್ಲ. ಪೊರಕೆ ಬಂದರೆ ಅರ್ಧ ಡಜನ್ನು, ಸೋಪು ಬಂದರೆ ಒಂದು ಪೆಟ್ಟಿಗೆ. ಕೊಂಡು, ಹೆಚ್ಚಾದದ್ದನ್ನು ಅಕ್ಕಪಕ್ಕದವರಿಗೆ ಹಂಚುವುದು ಅವರ ಪದ್ಧತಿ. ಪೊರಕೆಯನ್ನು ಹಂಚಬಹುದು, ಫಿಜಿಯ ಎಂಟು ಸೀಟುಗಳನ್ನು ಯಾರಿಗೆ ಹಂಚುವುದು ಎಂದು ನಾನು ಕೇಳುವ ಮೊದಲೇ ಅವರು ಹೇಳಿದರು: "ಅದೂ ಆಯ್ತು. ನಿಮ್ಮ ಎಚ್.ಎಂ.ಗೆ ಫೋನ್ ಮಾಡ್ದೆ. ನಿಮ್ಮ ಸ್ಕೂಲಿನವರಿಗೂ ಇದೇ ರಜ ತಾನೆ? ಈ ರೇಟಿಗೆ ಫಿಜಿ ಅಂದ್ರೆ ಯಾರು ಬಿಡ್ತಾರೆ, ಅರ್ಧ ಗಂಟೆ ಒಳಗೆ ಎಂಟೂ ಭರ್ತಿ ಆಯ್ತು."

ನಾನು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ಈ ಪ್ರಪಂಚದಲ್ಲಿ ಯಾರ ಜೊತೆ ನಾನು ಫಿಜಿಗೆ ಹೋಗಬಾರದಿತ್ತೋ ಅವರೆಲ್ಲರೂ ಬರುವವರಿದ್ದರು. ನಾನು ಫಿಜಿ ಮಿಸ್ ಎಂಬುದನ್ನು ಹತ್ತೊಂಬತ್ತು ವರ್ಷದಿಂದ ಕೇಳಿಕೊಂಡು ಬಂದವರು ಅವರು. ಬೇರೆ ದಾರಿ ಕಾಣದೆ ಯಜಮಾನರಿಗೆ ಉಳಿದರ್ಧ ಸತ್ಯವನ್ನೂ ಹೇಳಿದೆ. ಅವರು ಮೊದಲು ನನ್ನ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ನಾನು ದಿನಾ ಅಂಗಡೀಲಿ, ಅಸಲಿಗೇ ಕೊಡ್ತಿದೀನಿ ಸ್ವಾಮಿ ಅಂತ ಹೇಳಿದ್ರೆ ನೀನು ಬೈತೀಯ! ನೀನು ಇಡೀ ದೇಶಕ್ಕೇ ಹೋಗ್ಬಂದಿದೀಯಲ್ಲೇ!" ಎಂದರು. ಟಿಕೆಟ್ ವಾಪಸ್ಸು ಮಾಡೋಣವೆಂದೆ. ಹೋಲ್‌ಸೇಲ್ ಮಾಲು ವಾಪಸ್ಸಿಲ್ಲ ಎಂದರು.

ಮರುದಿನ ಸ್ಟಾಫ್ ರೂಮಿಗೆ ಕಾಲಿಟ್ಟರೆ ಹಬ್ಬದ ಗದ್ದಲ. "ವಿಮಲಾ ಮೇಡಂ, ನೀವೇ ನಮ್ಗೆ ಗೈಡು" ಎಂದರು ಪದ್ಮಾವತಿ. "ಅಲ್ಲಿ ಸಸ್ಯಾಹಾರಿ ಊಟ ಸಿಗತ್ತಾ? ನೀವು ಹೋದಾಗ ಏನು ಮಾಡಿದ್ರಿ?" ಸಿಗತ್ತೆ ಎಂದೆ. ಸ್ವೆಟರ್ ಬೇಕಾ ಎಂದರು. ಬೇಡ ಎಂದೆ, ಅದು ಪುಸ್ತಕದಲ್ಲೇ ಇದೆ. ನೀರು ಕುದಿಸಿಯೇ ಕುಡಿಯಬೇಕಾ, ಆಟೋಗಳು ಮೀಟರ್ ಹಾಕುತ್ತವಾ ಎಂದೆಲ್ಲ ಕೇಳಿದಾಗ ನನಗೆ ತರಗತಿಗೆ ತಡವಾಯಿತು. ಅಮಾವಾಸ್ಯೆಯ ಪ್ರಶ್ನೆಯನ್ನೂ ನನಗೇ ತಂದರು. ಅದೊಂದಕ್ಕೆ ಮಾತ್ರ ನನ್ನ ಬಳಿ ನಿಜವಾದ ಉತ್ತರವಿತ್ತು: ನಮ್ಮ ವಿಮಾನ ಸಂಜೆ ಏಳಕ್ಕೆ ನೆಲ ಬಿಡುತ್ತದೆ, ಫಿಜಿ ನಮಗಿಂತ ಆರೂವರೆ ಗಂಟೆ ಮುಂದಿದೆ, ಆದ್ದರಿಂದ ನಾವು ಹೊರಡುವ ಹೊತ್ತಿಗೆ ಅಲ್ಲಿ ಮಾರನೆಯ ದಿನ ಶುರುವಾಗಿರುತ್ತದೆ. "ಅಂದ್ರೆ ಅಲ್ಲಿನ ಲೆಕ್ಕದಲ್ಲಿ ನಾವು ಪಾಡ್ಯದ ದಿನ ಹೊರಡ್ತೀವಿ" ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಪುರೋಹಿತರು ಇದನ್ನು ಒಪ್ಪುತ್ತಿರಲಿಲ್ಲ. ಅವರನ್ನು ಯಾರೂ ಕೇಳಲಿಲ್ಲ.

ನನ್ನನ್ನು ಹಿಡಿದದ್ದು ಒಂದು ಅರ್ಜಿ. ನಮ್ಮಂಥ ಅನುದಾನಿತ ಶಾಲೆಯವರು ಪರದೇಶಕ್ಕೆ ಹೋಗಬೇಕಾದರೆ ಇಲಾಖೆಯಿಂದ ಅಭ್ಯಂತರವಿಲ್ಲವೆಂಬ ಪತ್ರ ಬೇಕು. ಅದರ ನಮೂನೆಯಲ್ಲಿ ಒಂದು ಕಾಲಂ: ಈ ಹಿಂದೆ ಕೈಗೊಂಡ ವಿದೇಶ ಪ್ರಯಾಣದ ವಿವರ. ಮಕ್ಕಳಿಗೆ ಸುಳ್ಳು ಹೇಳುವುದು ಬೇರೆ, ಸರ್ಕಾರಕ್ಕೆ ಬರೆದುಕೊಡುವುದು ಬೇರೆ. ಎರಡು ದಿನ ಅರ್ಜಿಯನ್ನು ಬ್ಯಾಗಿನಲ್ಲೇ ಓಡಾಡಿಸಿ, ಆ ಕಾಲಮ್ಮನ್ನು ಖಾಲಿ ಬಿಟ್ಟು, ಎಚ್.ಎಂ. ಮೇಜಿನ ಮೇಲಿಟ್ಟು ಓಡಿಬಂದೆ. ಹತ್ತೇ ನಿಮಿಷಕ್ಕೆ ಕರೆ ಬಂತು. ನಮ್ಮ ಎಚ್.ಎಂ. ಶಕುಂತಲಾ ಮೇಡಂ ನನಗಿಂತ ಎರಡು ವರ್ಷ ಚಿಕ್ಕವರು, ಕಡಿಮೆ ಮಾತಿನವರು.

"ಈ ಕಾಲಂ ಬಿಟ್ಟಿದೀರಲ್ಲ ಮೇಡಂ" ಎಂದರು.

ನಾನು ಅರ್ಜಿಯನ್ನು ನನ್ನ ಕಡೆ ಎಳೆದುಕೊಂಡೆ. "ಅದು... ತಾರೀಖು ನೆನಪಿರ್ಲಿಲ್ಲ."

ಶಕುಂತಲಾ ಮೇಡಂ ಪೆನ್ನು ನನ್ನ ಕಡೆ ಸರಿಸಿದರು. "ಇಲ್ಲ ಅಂತ ಬರೀರಿ" ಎಂದರು.

ನಾನು ತಲೆಯೆತ್ತಿದೆ.

"ನಿಮ್ಮ ಸರ್ವೀಸ್ ರಿಜಿಸ್ಟರ್ ನನ್ನ ಬೀರುವಲ್ಲೇ ಇದೆ. ನಾನು ಎಚ್.ಎಂ. ಆದ ವಾರವೇ ನೋಡಿದೆ. ಇಷ್ಟು ವರ್ಷದಲ್ಲಿ ನೀವು ಒಟ್ಟಿಗೆ ನಾಲ್ಕು ದಿನಕ್ಕಿಂತ ಜಾಸ್ತಿ ರಜ ಹಾಕಿರೋದು ಬಾಣಂತನಕ್ಕೆ ಮತ್ತೆ ಟೈಫಾಯಿಡ್ಡಿಗೆ. ಪರ್ಮಿಷನ್ ಲೆಟರ್ ಒಂದೂ ಇಲ್ಲ. ಟೈಫಾಯಿಡ್ ಬಂದಾಗ ಫಿಜಿಗೆ ಹೋಗಿದ್ರಾ?"

ನನಗೆ ಅಳು ಬಂತು. ನಾಚಿಕೆಯೂ ಆಯಿತು, ಹಗುರವೂ ಆಯಿತು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ದಿನಾಂಕ ರೇಖೆ ಪ್ರಶ್ನೆಗೆ ನಮ್ಮ ಸ್ಕೂಲಲ್ಲಿ ಯಾರೂ ಮಾರ್ಕ್ಸ್ ಕಳ್ಕೊಳಲ್ಲ. ನಾನ್ಯಾಕೆ ಬಾಯಿ ಬಿಡ್ಲಿ?" ಎಂದರು. ಸ್ಟಾಫ್ ರೂಮಿನ ಮುಕ್ಕಾಲು ಪಾಲು ಜನಕ್ಕೂ ಗೊತ್ತಂತೆ. ಗಿಣಿಗಳು ಸೇರಿದ ವರ್ಷವೇ ಪದ್ಮಾವತಿಗೆ ಅನುಮಾನ ಬಂದಿತ್ತಂತೆ. ಹಾಗಾದರೆ ಊಟ, ಸ್ವೆಟರು, ಆಟೋ ಮೀಟರು ಎಲ್ಲ? "ನಿಮ್ಮ ಮುಖ ನೋಡ್ಬೇಕಿತ್ತು" ಎಂದರು ಶಕುಂತಲಾ ಮೇಡಂ. ಆಮೇಲೆ ಸ್ವಲ್ಪ ಗಂಭೀರವಾಗಿ, "ಮಕ್ಕಳಿಗೆ ಏನು ಹೇಳ್ತೀರೋ ಅದು ನಿಮಗೆ ಬಿಟ್ಟಿದ್ದು" ಎಂದರು. ಅಲ್ಲೇ ನಿರ್ಧರಿಸಿದೆ: ಹೋಗಿ ಬಂದು ಈ ವರ್ಷದ ಏಳನೇ ತರಗತಿಗೆ ನಿಜವನ್ನೇ ಹೇಳುತ್ತೇನೆ, ಹಿಂದಿನ ಸುಳ್ಳನ್ನೂ ಒಪ್ಪಿಕೊಳ್ಳುತ್ತೇನೆ. ಆ ಕಾಲಮ್ಮಿನಲ್ಲಿ ದೊಡ್ಡ ಅಕ್ಷರದಲ್ಲಿ 'ಇಲ್ಲ' ಎಂದು ಬರೆದೆ.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಯಜಮಾನರು ತರ್ಪಣ ಬಿಟ್ಟರು, ವಡೆ ಪಾಯಸದ ಊಟ ಮಾಡಿದೆವು, ಸಂಜೆ ಹತ್ತು ಜನ ವಿಮಾನ ಹತ್ತಿದೆವು. ಬೊಂಬೆ ಕೂರಿಸುವುದನ್ನು ವಾಪಸ್ಸು ಬಂದು ಸರಸ್ವತಿ ಪೂಜೆಯ ದಿನಕ್ಕೆ ಎಂದು ಮುಂದೂಡಿದ್ದೆ. ಅಗ್ಗದ ಟಿಕೆಟ್ಟಾದ್ದರಿಂದ ವಿಮಾನದಲ್ಲಿ ಊಟವಿರಲಿಲ್ಲ; ಪುಳಿಯೋಗರೆಯ ಡಬ್ಬಿ ತೆರೆದಾಗ ಹಿಂದಿನ ನಾಲ್ಕು ಸಾಲಿನ ತಲೆಗಳು ನಮ್ಮ ಕಡೆ ತಿರುಗಿದವು. ಫಿಜಿಯಲ್ಲಿ ಇಳಿದಾಗ ಅಲ್ಲಿನ ಅಧಿಕಾರಿ ಪದ್ಮಾವತಿಯವರ ಕೊಬ್ಬರಿ ಮಿಠಾಯಿಯನ್ನು ತೆಗೆದಿಟ್ಟುಕೊಂಡ. ಬಾಗಿಲ ಆಚೆ ಕಣ್ಣು ಹಾಯಿಸಿದಷ್ಟು ದೂರ ತೆಂಗಿನ ಮರಗಳೇ ಇದ್ದವು. ಅಷ್ಟೆಲ್ಲ ಇರುವ ಊರಿಗೆ ಕೊಬ್ಬರಿ ಹೊತ್ತು ತಂದದ್ದಕ್ಕೆ ಅವರನ್ನು ಐದು ದಿನವೂ ಎಲ್ಲರೂ ಕಾಡಿದರು.

ಸಮುದ್ರದ ಬಗ್ಗೆ ಏನು ಹೇಳಲಿ? ಹವಳದ ದಿಬ್ಬದೊಳಗಿನ ನೀರು ತಿಳಿಹಸಿರು, ಆಚೆಗಿನದು ಕಡುನೀಲಿ ಎಂದು ಮೂವತ್ತೊಂದು ವರ್ಷ ಬರೆಸಿದ್ದೆ. ನಿಜವಾಗಿಯೂ ಹಾಗೆಯೇ ಇತ್ತು. ನಾನು ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಹಿಡಿದು ನಿಂತು, "ರೀ, ಪುಸ್ತಕದಲ್ಲಿರೋದೆಲ್ಲ ಸರಿ!" ಎಂದು ಕೂಗಿದೆ. ದಡದಲ್ಲಿ ಪ್ಯಾಂಟು ಮಡಿಸಿಕೊಂಡು ನಿಂತಿದ್ದ ಯಜಮಾನರು ನನ್ನನ್ನು ನೋಡುತ್ತಿದ್ದರೇ ಹೊರತು ಸಮುದ್ರವನ್ನಲ್ಲ. ನನಗೆ ತುಂಬ ಸಂತೋಷವಾಯಿತು.

ರೇಖಾಂಶದ ಗೆರೆ ಇರುವುದು ಬೇರೊಂದು ಪುಟ್ಟ ದ್ವೀಪದಲ್ಲಿ. ಅಲ್ಲಿಗೆ ಹೋಗುವ ಪುಟಾಣಿ ವಿಮಾನದ ದರ ಕೇಳಿ ಉಳಿದ ಎಂಟು ಜನ ಸಮುದ್ರ ತೀರವೇ ಸಾಕೆಂದರು. ಯಜಮಾನರು ಚೌಕಾಸಿ ಮಾಡಲು ಹೊರಟು, ನನ್ನ ಮುಖ ನೋಡಿ, ಹೇಳಿದಷ್ಟನ್ನು ಕೊಟ್ಟರು. ಹತ್ತು ಸೀಟಿನಲ್ಲಿ ನಮ್ಮ ಪಾಲಿಗೆ ಉಳಿಸಿದ್ದೆಲ್ಲ ಆ ಎರಡು ಸೀಟಿಗೆ ಹೋಯಿತು. ದ್ವೀಪದಲ್ಲಿ ಒಂದು ಹುಲ್ಲಿನ ಬಯಲು, ಒಂದು ಬೋರ್ಡು, ಸುತ್ತ ದಾಸವಾಳ ಮತ್ತು ಬಣ್ಣದೆಲೆಯ ಕ್ರೋಟನ್ ಗಿಡಗಳು. ಎರಡು ಕೋಳಿಗಳು ಗೆರೆಯ ಆಚೆ ಈಚೆ ಓಡಾಡಿಕೊಂಡಿದ್ದವು. ನಾನು ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟು ನಿಂತೆ. ಎರಡು ಕಾಲಿಗೂ ಗುರುವಾರವೇ. ಯಜಮಾನರು ಮೊಬೈಲಿನಲ್ಲಿ ಫೋಟೋ ತೆಗೆದರು. ಸಂಜೆ ಹೋಟೆಲಿಗೆ ಬಂದು ನೋಡಿದರೆ ಅದರಲ್ಲಿ ನಾನಿದ್ದೆ, ಕ್ರೋಟನ್ ಇತ್ತು. ಬೋರ್ಡಿನ ಮೇಲೆ ಅವರ ಹೆಬ್ಬೆರಳಿತ್ತು.

ರಜೆ ಮುಗಿದು ಶಾಲೆ ತೆರೆದ ದಿನ ಏಳನೇ ತರಗತಿಗೆ ಹೋದೆ. "ಮಕ್ಕಳೇ, ನಿಮಗೊಂದು ವಿಷಯ ಹೇಳ್ಬೇಕು" ಎಂದು ಶುರು ಮಾಡಿದೆ. ಹಿಂದೆ ಹೇಳುತ್ತಿದ್ದದ್ದು ಸುಳ್ಳು, ನಾನು ಆಗ ಫಿಜಿಗೆ ಹೋಗಿರಲಿಲ್ಲ, ಅದಕ್ಕೆ ಕ್ಷಮೆ ಕೇಳುತ್ತೇನೆ ಎಂದೆ. ಈಗ ನಿಜವಾಗಿ ಹೋಗಿ ಬಂದೆ ಎಂದೆ. ಗೆರೆಯ ಎರಡು ಕಡೆಯೂ ಒಂದೇ ವಾರ, ದಿನಾಂಕ ರೇಖೆ ಬಾಗಿ ಸಮುದ್ರಕ್ಕೆ ಹೋಗಿಬಿಟ್ಟಿದೆ ಎಂದು ನಕಾಶೆಯಲ್ಲಿ ತೋರಿಸಿದೆ. ಗಿಣಿಗಳಿಲ್ಲ, ಎಳನೀರಿನವನಿಲ್ಲ, ಕೋಳಿಗಳಿವೆ ಎಂದೆ. ಫೋಟೋವನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದೆ. ಮಕ್ಕಳು ಅದನ್ನು ನೋಡಿದರು, ನನ್ನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದು ಲಾಲ್‌ಬಾಗ್ ಕಣೇ" ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು.

ಆಮೇಲೆ ಮೊದಲ ಬೆಂಚಿನ ಮೇಘನಾ ಎದ್ದು ನಿಂತಳು. ಒಳ್ಳೆಯ ಹುಡುಗಿ, ಯಾರಿಗೂ ನೋವಾಗಬಾರದು ಎನ್ನುವವಳು.

"ಮಿಸ್, ಪರವಾಗಿಲ್ಲ ಮಿಸ್" ಎಂದಳು.

"ಏನಮ್ಮ ಪರವಾಗಿಲ್ಲ?"

"ಈ ಸಲ ಹೋಗಕ್ಕಾಗ್ಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡಿ ಮಿಸ್. ನಮ್ಮಕ್ಕನಿಗೆ ನೀವು ಫಿಜಿ ಬಗ್ಗೆ ಎಲ್ಲಾ ಹೇಳಿದ್ರಿ, ನೀವು ಅವಾಗ್ಲೇ ಹೋಗ್ಬಂದಿದೀರಲ್ಲ. ಈಗ ಫ್ಲೈಟ್ ಟಿಕೆಟ್ ತುಂಬಾ ಕಾಸ್ಟ್ಲಿ ಆಗಿದೆ ಮಿಸ್. ನಮ್ಮಪ್ಪನೂ ಗೋವಾ ಅಂತ ಹೇಳಿ ಲಾಲ್‌ಬಾಗಿಗೇ ಕರ್ಕೊಂಡೋಗಿದ್ದು."

ಇಡೀ ತರಗತಿ ನನ್ನನ್ನು ಅಷ್ಟೊಂದು ಕನಿಕರದಿಂದ ನೋಡುತ್ತಿತ್ತು. ಪಾಸ್‌ಪೋರ್ಟು ಮನೆಯ ಬೀರುವಿನಲ್ಲಿತ್ತು, ನಾಳೆ ತಂದು ಮುದ್ರೆ ತೋರಿಸಬಹುದಿತ್ತು. ಪಕ್ಕದ ಕೋಣೆಯಲ್ಲಿ ಪದ್ಮಾವತಿ ಪಾಠ ಮಾಡುತ್ತಿದ್ದರು, ಕೂಗಿದರೆ ಬಂದು ಸಾಕ್ಷಿ ಹೇಳುತ್ತಿದ್ದರು. ನಾನು ಬಾಯಿ ತೆರೆದೆ. ಮೇಘನಾ ಇನ್ನೂ ನಿಂತೇ ಇದ್ದಳು.

"ಹೌದು ಪುಟ್ಟಿ, ತುಂಬಾ ಕಾಸ್ಟ್ಲಿ" ಎಂದೆ. ಹೋಗದೆ ಹೋಗಿದ್ದೇನೆಂದು ಹತ್ತೊಂಬತ್ತು ವರ್ಷ ಹೇಳಿದವಳು, ಹೋಗಿ ಬಂದ ಹತ್ತನೇ ದಿನಕ್ಕೆ ಹೋಗಿಲ್ಲವೆಂದು ಒಪ್ಪಿಕೊಂಡು ಪುಸ್ತಕ ತೆರೆದೆ.